ಪ್ಲೂಟೊದ ಗುಡ್ಡಕ್ಕೆ ಎರಡು ಝೆಂಡಾ

ಸೂರ್ಯನ ಬಿಸಿಲೇ ಸರಿಯಾಗಿ ಮುಟ್ಟದ ಜಾಗದ ಒಂದು ಗುಡ್ಡ. ಅದರ ಮೇಲೆ ಯಾರ ಝೆಂಡಾ, ಯಾರ ಬಾವುಟ ಇರಬೇಕು ಎಂದು ನಮ್ಮ ಮನೆಯ ಅಂಗಳದಲ್ಲಿ ನಿಂತು ಇಬ್ಬರು ಗಂಡಸರು ಕೊರಳಪಟ್ಟಿ ಹಿಡಿಯುವ ಮಟ್ಟಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀವು ನಗಬಹುದು. ನಾನು ಆಗ ನಗಲಿಲ್ಲ. ನನ್ನ ಕೈಯಲ್ಲಿ ಕಸಬರಿಗೆ ಇತ್ತು. ಅದನ್ನು ನಾನು ಎತ್ತದೆ ಇದ್ದದ್ದೇ ಅವರ ಪುಣ್ಯ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರ ಮಾತು. ಇರಲಿ ಬಿಡಿ. ಹಿಟ್ಟಿನ ಗಿರಣಿ ನಡೆಸುವವಳು ಮೆತ್ತಗೆ ಮಾತಾಡಿದರೆ ಯಾರ ಕಿವಿಗೆ ಬೀಳುತ್ತದೆ? ಕೊಗನೊಳ್ಳಿಯ ಹತ್ತಿರ ಹೈವೇ ಬಿಟ್ಟು ಕಬ್ಬಿನ ಹೊಲಗಳ ನಡುವೆ ಒಳಗೆ ಬಂದರೆ ನಮ್ಮ ಊರು, ಕನ್ನಡ ಮರಾಠಿ ಎರಡನ್ನೂ ಆಡುವ ಗಡಿಯ ಊರು. ಮನೆಯ ಮುಂದಿನ ಖೋಲಿಯಲ್ಲಿ ನನ್ನ ಗಿರಣಿ. ಹಿತ್ತಲಲ್ಲಿ ತಮ್ಮನ ಎಮ್ಮೆಗಳು. ತಮ್ಮ, ಅವನ ಹೆಂಡತಿ, ಅವರ ಒಬ್ಬಳೇ ಮಗಳು, ನಮ್ಮ ಅವ್ವ, ಮತ್ತು ನಾನು. ನನ್ನನ್ನು ಮುಗಳಖೋಡಕ್ಕೆ ಕೊಟ್ಟಿದ್ದರು. ಅಲ್ಲಿ ಬಾಳುವೆ ಆಗಲಿಲ್ಲ, ಬಿಟ್ಟು ಬಂದೆ, ಬಂದು ಗಿರಣಿ ಹಾಕಿದೆ.

ತಮ್ಮನ ಮಗಳು ಆಗ ಒಂಬತ್ತನೆಯ ಇಯತ್ತೆಯಲ್ಲಿದ್ದಳು. ದೀಪಾವಳಿ ಇನ್ನೂ ದೂರವಿತ್ತು. ಒಂದು ಸಂಜೆ ಶಾಲೆಯಿಂದ ಬಂದವಳೇ ಪಾಟೀಚೀಲ ಸಹ ಇಳಿಸದೆ ಗಿರಣಿಯೊಳಗೆ ನುಗ್ಗಿದಳು. ಜೋಳ ಬೀಸುತ್ತಿದ್ದೆ. ಅವಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ತಡಿ ಎಂದು ಕೈ ಮಾಡಿ, ಜೋಳ ಮುಗಿಸಿ ಮಷೀನು ಬಂದ್ ಮಾಡಿದೆ.

"ಅತ್ಯಾ, ನೀರಿನ ಗುಡ್ಡ ನೋಡೀಯೇನ?"

"ನೀರಿಂದ ಗುಡ್ಡ ಹೆಂಗ ಆಗ್ತೈತಿ ಬೇ? ತಲಿ ಗಿಲಿ ಕೆಟ್ಟೈತೇನ?"

"ಆಗ್ತೈತಿ. ಪ್ಲೂಟೊದಾಗ ಅದಾವ. ನಮ್ಮ ವಿಜ್ಞಾನದ ಸರ್ ತೋರಿಸ್ಯಾರ."

ನನ್ನ ಹಿಟ್ಟಿನ ಕೈಯಿಂದ ಮೊಬೈಲು ಕಸಿದುಕೊಂಡು ಹುಡುಕಿ ತೋರಿಸಿದಳು. ಬೂದು ಬಿಳುಪಿನ ಗುಡ್ಡಗಳ ಸಾಲು, ಅವುಗಳ ಉದ್ದುದ್ದ ನೆರಳು, ಪಕ್ಕದಲ್ಲಿ ಸಾರಿಸಿ ಬಿಟ್ಟಂಥ ನುಣುಪು ಬಯಲು. ಒಂದು ಯಂತ್ರವನ್ನು ಕಳಿಸಿದ್ದರಂತೆ, ಅದು ಒಂಬತ್ತು ವರ್ಷ ಹಾರಿ ಹೋಗಿ, ಅಲ್ಲಿ ನಿಲ್ಲದೆ, ಹೋಗುತ್ತ ಹೋಗುತ್ತಲೇ ಫೋಟೊ ತೆಗೆದು ಮುಂದೆ ಹೋಯಿತಂತೆ. ಅಲ್ಲಿನ ಥಂಡಿಗೆ ನೀರು ಕಲ್ಲಿನ ಹಾಗೆ ಗಟ್ಟಿಯಾಗಿ ಗುಡ್ಡಗಳಾಗಿ ನಿಂತಿದೆಯಂತೆ. ನಮ್ಮ ಎವರೆಸ್ಟನ್ನು ಮೊದಲು ಹತ್ತಿದ ಇಬ್ಬರ ಹೆಸರನ್ನು ಅಲ್ಲಿನ ಎರಡು ಸಾಲುಗಳಿಗೆ ಇಟ್ಟಿದ್ದಾರಂತೆ. ಅವಳು ಹೇಳುತ್ತಲೇ ಇದ್ದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಎರಡು ವರ್ಷದಿಂದ ನೋಡಿಯೇ ಇರಲಿಲ್ಲ.

"ನಾವು ಕಲಿಯೂ ಮುಂದ ಗ್ರಹ ಒಂಬತ್ತ ಇದ್ದೂ," ಅಂದೆ.

"ಈಗ ಎಂಟ. ಪ್ಲೂಟೊ ಸಣ್ಣದಂತ ತಗದಾರ. ಕುಬ್ಜ ಗ್ರಹ ಅಂತಾರ ಈಗ."

ನನಗೆ ಆಗಲೇ ಸಿಟ್ಟು ಬಂತು. ಊಟಕ್ಕೆ ಕೂತವನನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗಾಯಿತಲ್ಲ ಇದು! ಎಬ್ಬಿಸಿದ ಮೇಲೆ ಹೋಗಿ ನೋಡಿದರೆ ಅದರ ಬಳಿ ಇಂಥ ಗುಡ್ಡಗಳು.

ಈ ಹುಡುಗಿ ಮಾತು ಬಿಟ್ಟದ್ದು ಏಳನೆಯ ಇಯತ್ತೆಯಲ್ಲಿ. ಶಾಲೆಯ ಕಾರ್ಯಕ್ರಮದಲ್ಲಿ ಭಾಷಣಕ್ಕೆ ನಿಂತಿದ್ದಳು. ನಡುವೆ ಮಾತು ಮರೆತಳು. ಗಂಡುಹುಡುಗರು ಹಿಂದಿನಿಂದ ಎಮ್ಮೆಯ ಹಾಗೆ ಒದರಿ ಅಣಕಿಸಿದರು, ತಮ್ಮನಿಗೆ ಎಮ್ಮೆ ಇವೆಯಲ್ಲ, ಅದಕ್ಕೆ. ತಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದ. ಅಂದಿನಿಂದ ಅವನು ಅವಳ ಬಾಯಿಯ ಕೆಲಸವನ್ನೂ ತಾನೇ ಮಾಡತೊಡಗಿದ. ಯಾರಾದರೂ ಅವಳನ್ನು ಯಾವ ಇಯತ್ತೆ ಎಂದು ಕೇಳಿದರೆ ಉತ್ತರ ಅವನದು. ಊಟ ಆಯಿತೇನವ್ವ ಎಂದು ಅವಳನ್ನು ಕೇಳಿದರೂ "ಆತ್ರಿ, ಆಗ್ಲೇ ಉಂಡಾಳ" ಅನ್ನುವವನು ಅವನೇ. ಮಾಯೆಯಿಂದ, ಅಕ್ಕರೆಯಿಂದಲೇ ಮಾಡುತ್ತಾನೆ, ಅದು ನನಗೆ ಗೊತ್ತು. ಆದರೆ ಮಾಯೆಯಿಂದ ಬಾಯಿ ಕಟ್ಟಿದರೂ ಬಾಯಿ ಕಟ್ಟಿದ್ದೇ.

ನನಗೆ ಇದು ಏಕೆ ಇಷ್ಟು ಉರಿಯುತ್ತದೆ ಎಂದು ಹೇಳಿಬಿಡುತ್ತೇನೆ. ಮುಗಳಖೋಡದವರು ನನ್ನನ್ನು ನೋಡಲು ಬಂದ ದಿನ, ಹುಡುಗಿಗೆ ಒಪ್ಪಿಗೆ ಇದೆಯೇ ಎಂದು ಹಿರಿಯರೊಬ್ಬರು ಕೇಳಿದರು. ಕೇಳಿದ್ದು ನಮ್ಮಪ್ಪನನ್ನು. "ಐತ್ರಿ" ಎಂದ ನಮ್ಮಪ್ಪ. ನಾನು ಅಲ್ಲೇ ಬಾಗಿಲಿಗೆ ಚಹಾದ ತಾಟು ಹಿಡಿದು ನಿಂತಿದ್ದೆ. ಯಾರೂ ಕತ್ತು ಹೊರಳಿಸಿ ಸಹ ನೋಡಲಿಲ್ಲ.

ದೀಪಾವಳಿಗೆ ನಮ್ಮ ಕಡೆ ಮನೆಯ ಮುಂದೆ ಮಣ್ಣಿನ ಕಿಲ್ಲಾ, ಅಂದರೆ ಸಣ್ಣ ಕೋಟೆ, ಕಟ್ಟುತ್ತಾರೆ. ಕಲ್ಲು ಪೇರಿಸಿ, ಮಣ್ಣಿನ ರಾಡಿಯಲ್ಲಿ ಅದ್ದಿದ ಗೋಣಿಚೀಲ ಹೊದಿಸಿ, ಬುರುಜು, ಬಾಗಿಲು, ಮೆಟ್ಟಿಲು ಮಾಡಿ, ಮೇಲೆ ಸಾಸಿವೆ ಚೆಲ್ಲುತ್ತಾರೆ. ಹಬ್ಬದ ಹೊತ್ತಿಗೆ ಅದು ಮೊಳೆತು ಕಿಲ್ಲಾ ಹಸಿರಾಗುತ್ತದೆ. ಪಾಡ್ಯದ ಸಂಜೆ ಊರ ಹಿರಿಯರು, ಯುವಕ ಮಂಡಳದ ಹುಡುಗರು ಓಣಿ ಓಣಿ ಸುತ್ತಿ ನೋಡುತ್ತಾರೆ. ಕಟ್ಟಿದ ಮಕ್ಕಳು ತಮ್ಮ ಕಿಲ್ಲಾದ ಪಕ್ಕ ನಿಂತು ಅದು ಯಾವುದು, ಅದರ ಕಥೆ ಏನು ಎಂದು ಎಲ್ಲರ ಮುಂದೆ ಹೇಳಬೇಕು. ಅದೇ ರೀತಿ, ಅದೇ ರಿವಾಜು. ಆದರೆ ಕಟ್ಟುವವರು ಗಂಡುಹುಡುಗರು. ಹೆಣ್ಣುಹುಡುಗರಿಗೆ ರಂಗೋಲಿ. ನನ್ನ ತಮ್ಮ ಕಟ್ಟುವಾಗ ನಾನು ನೀರು ಹೊತ್ತು ಹಾಕಿದ್ದೇ ಹಾಕಿದ್ದು. ಮಣ್ಣಿಗೆ ಕೈ ಹಚ್ಚಿದರೆ ಅವ್ವ ಕೈ ಮೇಲೆ ಬಾರಿಸುತ್ತಿದ್ದಳು.

"ಅತ್ಯಾ, ಈ ಸಲ ನಾ ಕಟ್ತೇನಿ," ಅಂದಳು ಹುಡುಗಿ. "ಕಿಲ್ಲಾ ಅಲ್ಲ. ಆ ಗುಡ್ಡ. ಕಟ್ಟಿ, ನಾನ ನಿಂತ ಹೇಳ್ತೇನಿ."

ಕಟ್ಟುವುದು ದೊಡ್ಡದಲ್ಲ. ಕೊನೆಯ ಮಾತು ದೊಡ್ಡದಾಗಿತ್ತು. ಎರಡು ವರ್ಷ ನಾಲಿಗೆ ನುಂಗಿ ಕೂತ ಹುಡುಗಿ ಊರ ಮುಂದೆ ನಿಂತು ಹೇಳುತ್ತೇನೆ ಅಂದಿದ್ದಳು. ಈ ಸಲವೂ ಬಾಯಿ ಬಿಡದಿದ್ದರೆ ಮುಂದೆ ಎಂದೂ ಬಿಡುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಅವಳಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ.

ತಮ್ಮ ಬೇಡ ಅನ್ನಲಿಲ್ಲ. "ಕಟ್ಟಲಿ ತಗೋ. ಹೇಳೂದು ನಾ ಹೇಳ್ತೇನಿ," ಅಂದ. ನಾನು ಅವನ ಮುಖಕ್ಕೆ ನೀರು ಎರಚುವುದೊಂದು ಬಾಕಿ.

ಅವಳು ಮಾತು ರೂಢಿ ಮಾಡಿಕೊಂಡದ್ದು ನನ್ನ ಗಿರಣಿಯಲ್ಲಿ, ಅದೂ ಮಷೀನು ನಡೆಯುವಾಗ. ಬಂದ್ ಇದ್ದಾಗ ಯಾರಾದರೂ ಕೇಳಿಸಿಕೊಂಡಾರು ಎಂಬ ಭಯ. ಪಟ್ಟಾ ತಿರುಗಿ, ಕಲ್ಲು ಗರಗರ ಅಂದು, ಡಬ್ಬಿ ಹಿಡಿದು ನಿಂತ ಹೆಂಗಸರು ಒಬ್ಬರಿಗೊಬ್ಬರು ಕೈಸನ್ನೆಯಲ್ಲಿ ಮಾತಾಡುವ ಹೊತ್ತಿಗೆ ಅವಳು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಒದರುತ್ತಿದ್ದಳು. ಕತ್ತಿನ ನರ ಉಬ್ಬುವ ಹಾಗೆ ಒದರುತ್ತಿದ್ದಳು. ನನಗೆ ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಬರಬರುತ್ತ, ಹಬ್ಬ ಹತ್ತಿರವಾದಂತೆ, ಸಜ್ಜೆ ಬೀಸುವಾಗ ನಡುನಡುವೆ "ಪ್ಲೂಟೊ" ಎಂಬುದು ನನ್ನ ಕಿವಿಗೆ ಬೀಳತೊಡಗಿತು. ನಾನು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತಾಳೆ ಎಂದು.

ಗುಡ್ಡ ಕಟ್ಟಿದ್ದು ನಾವಿಬ್ಬರೇ. ಹೌದು, ಈ ವಯಸ್ಸಿನಲ್ಲಿ ನಾನು ಮೊದಲ ಸಲ ಆ ಮಣ್ಣಿಗೆ ಕೈ ಹಾಕಿದೆ, ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಂತೆಯೇ ಹಾಕಿದೆ. ಚೂಪು ಕಲ್ಲುಗಳನ್ನು ಆರಿಸಿ ತಂದು ಸಾಲಾಗಿ ನಿಲ್ಲಿಸಿದೆವು. ಗೋಣಿಚೀಲ ಹೊದಿಸಿ ಮಣ್ಣು ಮೆತ್ತಿದೆವು. ಮೇಲೆ ಹುಡುಗಿ ರಂಗೋಲಿ ಪುಡಿ ಉದುರಿಸಿದಳು. ನಾನು ಹಿಟ್ಟು ಕೊಡುತ್ತೇನೆ ಅಂದೆ. "ಇರಿವಿ ಬರ್ತಾವ ಅತ್ಯಾ, ಪ್ಲೂಟೊದಾಗ ಇರಿವಿ ಇಲ್ಲ," ಅಂದಳು. ಗುಡ್ಡದ ಬುಡಕ್ಕೆ ನುಣುಪು ಬಯಲು ಮಾಡಿ ಅಂಗೈಯಿಂದ ತೀಡಿದಳು. ಬಯಲಿನ ಆಚೆ ಒಂದು ಬುಟ್ಟಿ ಕೆಮ್ಮಣ್ಣು ಹರವಿದಳು, ಅಲ್ಲಿ ಹಾಗೇ ಕೆಂಪು ನೆಲವೂ ಇದೆಯಂತೆ.

ಮೂರು ದಿನಕ್ಕೆ ಗುಡ್ಡದ ಮೈಯೆಲ್ಲ ಹಸಿರು! ಬಿಳಿ ಪುಡಿಯನ್ನು ಸೀಳಿಕೊಂಡು ಎಲ್ಲೆಲ್ಲೂ ಸಾಸಿವೆಯ ಮೊಳಕೆ. ಅವ್ವನ ಕೆಲಸ. ನಾವು ಮಣ್ಣು ಮೆತ್ತಿ ಕೈ ತೊಳೆಯಲು ಹೋದಾಗ ಹಸಿಮಣ್ಣಿಗೆ ಒಂದು ಮುಷ್ಟಿ ಚೆಲ್ಲಿ, ದಿನಾ ನಸುಕಿನಲ್ಲಿ ಎದ್ದು ನೀರು ಚಿಮುಕಿಸಿದ್ದಾಳೆ.

"ಅವ್ವಾ, ಏನ್ ಮಾಡಿದಿ ಇದು?"

"ಬೋಳು ಕಿಲ್ಲಾ ಅಪಶಕುನ ಬೇ. ಪೋರಿಗೆ ತಿಳಿಯೂದಿಲ್ಲ, ನಿನಗರ ತಿಳೀಬಾರದ?"

"ಅದು ಕಿಲ್ಲಾ ಅಲ್ಲಬೇ!"

"ಹಬ್ಬದಾಗ ಅಂಗಳದಾಗ ಕಟ್ಟಿದ್ದು ಕಿಲ್ಲಾನ."

ಹುಡುಗಿ ಅಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೊಳಕೆ ಕಿತ್ತಳು. ಮಧ್ಯಾಹ್ನದ ಮೇಲೆ ಅವ್ವನೂ ಬಂದು ಪಕ್ಕದಲ್ಲಿ ಕೂತು ಕೀಳತೊಡಗಿದಳು, ತಪ್ಪಾಯಿತು ಅನ್ನಲಿಲ್ಲ, ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಪಲ್ಯ ಮಾಡಿದಳು. ಅವ್ವನ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲಾದೀತು?

ಆದರೆ ಓಣಿಯವರ ಮೇಲೆ ಇಟ್ಟುಕೊಳ್ಳಬಹುದು. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಹುಡುಗಿ ಕೈಯೆಲ್ಲ ಮಣ್ಣು ಮಾಡಿಕೊಂಡು ಗುಡ್ಡದ ಪಕ್ಕದಲ್ಲೇ ಇರುತ್ತಿದ್ದಳು. ಕೇಳುತ್ತಿದ್ದದ್ದು ಯಾರನ್ನು? ಹಾಲಿನ ಕ್ಯಾನು ತೊಳೆಯುತ್ತ ಆಚೆ ಕೂತ ನನ್ನ ತಮ್ಮನನ್ನು. "ಏನೋ ಇದು?" ಅವನು ಒಬ್ಬರಿಗೆ ಕೈಲಾಸ ಅಂದ. ಅವರು ಮರುದಿನ ಒಂದು ಸಣ್ಣ ಈಶ್ವರನ ಮೂರ್ತಿ ತಂದು ಕೊಟ್ಟರು. ಇನ್ನೊಬ್ಬರಿಗೆ ಹಿಮಾಲಯ ಅಂದ. ಅವರು ಪ್ಲಾಸ್ಟಿಕ್ಕಿನ ಸೈನಿಕರನ್ನು ಕೊಟ್ಟರು. ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ, ನನಗೆ ಗೊತ್ತು. ಅಲ್ಲ, ನಾನು ಕೇಳುತ್ತೇನೆ, ಪಕ್ಕದಲ್ಲಿ ನಿಂತ ಹುಡುಗಿಯನ್ನು ಒಮ್ಮೆ "ಏನವ್ವಾ ಇದು" ಎಂದು ಕೇಳಿದರೆ ಇವರ ಗಂಟೇನು ಹೋಗುತ್ತಿತ್ತು?

"ನಿನಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬಾರದೇನೋ ಮೂಳಾ?" ಎಂದು ತಮ್ಮನನ್ನು ತರಾಟೆಗೆ ತೆಗೆದುಕೊಂಡೆ.

"ಪ್ಲೂಟೊ ಅಂದ್ರ ನಗ್ತಾರಕ್ಕಾ. ಆಕಿ ನೋಡಿ ನಗ್ತಾರ. ಆವತ್ತ ನೀ ಇರಲಿಲ್ಲ ಅಲ್ಲಿ. ನಾ ಇದ್ದೆ," ಅಂದ. ಅವನ ಕಣ್ಣು ಕ್ಯಾನಿನೊಳಗೇ ಇತ್ತು. ಆ ಮಾತು ನನಗೆ ನಾಟಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಪಾಡ್ಯದ ದಿನ ಬೆಳಿಗ್ಗೆ ಹುಡುಗಿ ಗುಡ್ಡದ ತುದಿಗಳಿಗೆಲ್ಲ ಹರಳುಪ್ಪು ಹಾಕಿದಳು. ಬಿಸಿಲು ಬಿದ್ದಾಗ ಅದು ಮಿನುಗುವುದನ್ನು ನಾನು ಗಿರಣಿ ಬಿಟ್ಟು ಬಂದು ನೋಡಿದೆ. ಮಧ್ಯಾಹ್ನ ಒಂದು ಮಂಡಳದ ಮುಖಂಡ ಬಂದ. ಕಿಲ್ಲಾದ ಮೇಲೆ ಕೇಸರಿ ಝೆಂಡಾ ಇಲ್ಲದಿದ್ದರೆ ಅದೆಂಥ ಕಿಲ್ಲಾ ಎಂದು ಎತ್ತರದ ತುದಿಗೆ ಒಂದನ್ನು ಚುಚ್ಚಿ ಹೋದ. ಒಂದು ತಾಸಿನ ಮೇಲೆ ಇನ್ನೊಂದು ಮಂಡಳದ ಮುಖಂಡ. ರಾಜ್ಯೋತ್ಸವ ಸಮೀಪದಲ್ಲಿದೆ, ಇದು ಕನ್ನಡದ ನೆಲ ಎಂದು ಅವನು ಹಳದಿ-ಕೆಂಪು ಝೆಂಡಾ ಚುಚ್ಚಿದ. ತಮ್ಮ ಇಬ್ಬರಿಗೂ "ಹೂಂನ್ರಿ, ಇರಲಿ ಬಿಡ್ರಿ" ಅಂದ. ಎರಡೂ ಝೆಂಡಾಗಳ ಬಗ್ಗೆ ನನಗೆ ತಕರಾರಿಲ್ಲ. ನಾನು ಗಿರಣಿಯಲ್ಲಿ ಎರಡೂ ಭಾಷೆಯಲ್ಲಿ ಬೈಯುತ್ತೇನೆ, ಎರಡೂ ಭಾಷೆಯಲ್ಲಿ ಬೈಸಿಕೊಳ್ಳುತ್ತೇನೆ. ಈ ಇಬ್ಬರ ಮನೆಯ ಜೋಳವೂ ನನ್ನ ಕಲ್ಲಿನಲ್ಲೇ ಹಿಟ್ಟಾಗುತ್ತದೆ. ಆದರೆ ಆ ಗುಡ್ಡ ಅವಳದು. ಚುಚ್ಚಿದ ಜಾಗದಲ್ಲಿ ಉಪ್ಪು ಉದುರಿ ಒಳಗಿನ ಕರಿಮಣ್ಣು ಕಾಣುತ್ತಿತ್ತು. ನಾನು ಎರಡನ್ನೂ ಕಿತ್ತು ಒಗೆಯಲು ಹೋದೆ. ಹುಡುಗಿ ನನ್ನ ಕೈ ಹಿಡಿದಳು.

"ಬ್ಯಾಡ ಅತ್ಯಾ. ಜಗಳ ಆದ್ರ ನನಗ ಹೇಳಾಕ ಸಿಗೂದಿಲ್ಲ."

ಜಗಳ ಹೇಗೂ ಆಯಿತು. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ನಮ್ಮ ಅಂಗಳಕ್ಕೆ ಬಂದರು. ಮುಂದೆ ಊರ ಹಿರಿಯರೊಬ್ಬರು, ಕಬ್ಬಿನ ಹೊಲವಿರುವವರು, ಎಲ್ಲರೂ ಅವರನ್ನು ಕಾಕಾ ಅನ್ನುತ್ತೇವೆ. ಬಹುಮಾನ ಯಾರಿಗೆ ಎಂದು ತೀರ್ಮಾನ ಮಾಡುವವರು ಅವರೇ. ಹಿಂದೆ ಎರಡೂ ಮಂಡಳದವರು, ಅವರ ಹಿಂದೆ ಹೆಂಗಸರು, ಮಕ್ಕಳು. ಹುಡುಗಿ ಹೊಸ ಲಂಗ ಹಾಕಿ ಗುಡ್ಡದ ಪಕ್ಕ ನಿಂತಿದ್ದಳು. ನಾನು ಕಸಬರಿಗೆ ಹಿಡಿದು ಚೆಲ್ಲಿದ ಉಪ್ಪು ಗುಡಿಸುತ್ತ ಕಟ್ಟೆಯ ಹತ್ತಿರ ಇದ್ದೆ.

ಕಾಕಾ ಗುಡ್ಡ ನೋಡಿದರು. ಆಮೇಲೆ ತಮ್ಮನನ್ನು ನೋಡಿದರು. "ಏನಪಾ, ಯಾವ ಕಿಲ್ಲಾ ಇದು?"

"ಹಿಮಾಲಯ ಅನ್ರಿ ಕಾಕಾ," ಅಂದ ತಮ್ಮ.

ಹುಡುಗಿ ಬಾಯಿ ತೆರೆದಳು. ಅಷ್ಟರಲ್ಲಿ ಮೊದಲನೆಯ ಮುಖಂಡ ತನ್ನ ಝೆಂಡಾದ ಪಕ್ಕ ಇನ್ನೊಂದನ್ನು ಕಂಡ. "ಹೇ ಕಾಯ್? ಇದನ್ಯಾರು ಹಚ್ಚಿದ್ರು?" "ನಾ ಹಚ್ಚೇನಿ, ಏನೀಗ?" "ನಂದು ಮೊದಲಿತ್ತು." "ಮೊದಲಿದ್ರ ಏನಾತು, ನೆಲ ಯಾರದು?" ಒಬ್ಬ ಇನ್ನೊಬ್ಬನ ಝೆಂಡಾಕ್ಕೆ ಕೈ ಹಾಕಿದ, ಇನ್ನೊಬ್ಬ ಅವನ ಕೊರಳಪಟ್ಟಿಗೆ ಕೈ ಹಾಕಿದ. ಹಿಂದಿನವರೂ ಮುಂದೆ ನುಗ್ಗಿದರು. ಒಬ್ಬನ ಚಪ್ಪಲಿ ಆ ನುಣುಪು ಬಯಲಿನ ಮೇಲೆಯೇ ಬಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ. ಅವಳು ಅಂಗೈಯಿಂದ ತೀಡಿದ ಬಯಲು! ಕಸಬರಿಗೆಯನ್ನು ಗಟ್ಟಿಯಾಗಿ ಹಿಡಿದು ಒಂದು ಹೆಜ್ಜೆ ಮುಂದಿಟ್ಟೆ.

"ಇದು ಕಿಲ್ಲಾ ಅಲ್ಲ್ರೀ!"

ಯಾರು ಕೂಗಿದ್ದು ಎಂದು ನನಗೇ ಮೊದಲು ತಿಳಿಯಲಿಲ್ಲ. ಅಷ್ಟು ದೊಡ್ಡ ದನಿ. ಗದ್ದಲದ ಮೇಲಿಂದ ಹಾಯ್ದು ಆಚೆ ಓಣಿಯ ತನಕ ಹೋಯಿತು. ಗಿರಣಿಯ ಕಲ್ಲಿನ ಎದುರು ದಿನಾ ಒದರಿದ ಗಂಟಲು ಅದು, ಹತ್ತು ಗಂಡಸರ ಗದ್ದಲ ಅದಕ್ಕೆ ಯಾವ ಲೆಕ್ಕ?

"ಹಿಮಾಲಯನೂ ಅಲ್ಲ, ಕೈಲಾಸನೂ ಅಲ್ಲ! ಇದು ಪ್ಲೂಟೊ! ಇವು ನೀರಿನ ಗುಡ್ಡ! ಅಲ್ಲಿ ಥಂಡಿ ಎಷ್ಟ ಐತಿ ಅಂದ್ರ ನೀರು ಕಲ್ಲಾಗಿ ನಿಂತೈತಿ! ನೀವು ತುಳದೀರಲ್ಲ, ಆ ಬಯಲು, ಅದು ನಾವು ಉಸಿರಾಡೂ ಗಾಳ್ಯಾಗಿನ ನೈಟ್ರೋಜನ್! ಅಲ್ಲಿ ಅದೂ ಹೆಪ್ಪುಗಟ್ಟೇತಿ! ಅಲ್ಲಿ ನಿಂತ ನೋಡಿದ್ರ ನಮ್ಮ ಸೂರ್ಯ ಚುಕ್ಕಿಯಂಗ ಕಾಣ್ತಾನ! ಆ ಹೈವೇದ ದೀಪ ನೋಡ್ರಿ, ಅಷ್ಟ!"

ಎಲ್ಲರೂ ತಿರುಗಿ ಹೈವೇದ ದೀಪ ನೋಡಿದರು. ದೇವರಾಣೆ, ನಾನೂ ನೋಡಿದೆ. ಕೊರಳಪಟ್ಟಿ ಹಿಡಿದವನೂ ಹಿಡಿದುಕೊಂಡೇ ನೋಡಿದ.

"ಅಲ್ಲಿ ಇನ್ನೂತನಾ ಯಾರೂ ಕಾಲ ಇಟ್ಟಿಲ್ಲ! ಝೆಂಡಾ ಹಚ್ಚಾವ್ರು ಅಲ್ಲೀತನಾ ಹೋಗಿ ಹಚ್ಚಿ ಬರ್ರಿ! ಈಗ ಹೊಂಟ್ರ ಒಂಬತ್ತ ವರ್ಷಕ್ಕ ಮುಟ್ಟತೀರಿ!"

ಮೊದಲು ನಕ್ಕವಳು ಅವ್ವ. ಆಮೇಲೆ ಹಿಂದಿನ ಹೆಂಗಸರೆಲ್ಲ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ಆ ನಗು ಹುಡುಗಿಯ ಮೇಲಿನದಲ್ಲ, ಅದು ಎಲ್ಲರಿಗೂ ಗೊತ್ತಾಯಿತು. ಇಬ್ಬರು ಮುಖಂಡರೂ ಕೈ ಬಿಟ್ಟು ಅಂಗಿ ಸರಿಮಾಡಿಕೊಂಡರು. ಹುಡುಗಿ ನಿಂತಲ್ಲೇ ನಿಂತಿದ್ದಳು.

ಕಾಕಾ ಕೋಲು ಊರಿ ಗುಡ್ಡವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಏನು ಮಾಡಿದರು ಗೊತ್ತೇ? ತಮ್ಮನ ಕಡೆಗೆ ತಿರುಗಿದರು! ಸುಡಲಿ! ಇಷ್ಟೆಲ್ಲ ಕಿವಿಯಾರೆ ಕೇಳಿದ ಮೇಲೂ ತಮ್ಮನ ಕಡೆಗೇ!

"ಏನಪಾ, ನಿನ್ನ ಮಗಳು ಹೇಳೂದು ಖರೇ ಏನ?"

ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತದ್ದೆಲ್ಲ ನನ್ನ ನೆತ್ತಿಗೇರಿತು. ಕಸಬರಿಗೆ ಎತ್ತಿಯೇ ಬಿಡುತ್ತಿದ್ದೆ. ತಮ್ಮ ಬಾಯಿ ತೆರೆದ. "ಹೌದ್ರಿ" ಅನ್ನುತ್ತಾನೆ ಈಗ, ಅಂದುಕೊಂಡೆ. ಅವನು ಮಗಳನ್ನು ನೋಡಿದ, ತುಳಿದ ಬಯಲನ್ನು ನೋಡಿದ, ಬಾಯಿ ಮುಚ್ಚಿದ.

"ನನಗ ಗೊತ್ತಿಲ್ರಿ ಕಾಕಾ," ಅಂದ ಆಮೇಲೆ. "ಗುಡ್ಡ ಕಟ್ಟಿದಾಕಿ ಅಲ್ಲೇ ನಿಂತಾಳ. ಆಕಿನ್ನ ಕೇಳ್ರಿ."

ಈ ಮಾತು ನಮ್ಮಪ್ಪನ ಬಾಯಿಂದ ಒಂದೇ ಒಂದು ಸಲ ಬಂದಿದ್ದರೆ! ನಾನು ಕಸಬರಿಗೆ ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಅತ್ತೆನೋ ಏನೋ, ಮುಖಕ್ಕೆ ಸೆರಗು ಹಚ್ಚಿಕೊಂಡದ್ದು ನೆನಪಿದೆ.

ಬಹುಮಾನ ಆಚೆ ಓಣಿಯ ಒಂದು ಹಸಿರು ಕಿಲ್ಲಾಕ್ಕೆ ಹೋಯಿತು, ಅದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅದು ಆಮೇಲಿನ ಮಾತು. ಆಗ ಕಾಕಾ ಮೆಲ್ಲಗೆ ತಿರುಗಿದರು, ಅಂಗಳಕ್ಕೆ ಬಂದಾಗಿನಿಂದ ಮೊದಲ ಸಲ ಹುಡುಗಿಯ ಮುಖ ನೋಡಿದರು, ಕೆಳಗೆ ಬಾಗಿ ಬಯಲಿನ ಮೇಲಿನ ಚಪ್ಪಲಿಯನ್ನು ಕೋಲಿನಿಂದ ಆಚೆ ಸರಿಸಿದರು.

"ಮೊದಲಿಂದ ಹೇಳವ್ವಾ," ಅಂದರು.

ಅವಳು ಮೊದಲಿನಿಂದ ಹೇಳಿದಳು. ಈ ಸಲ ಅವಳು ಕೂಗಲಿಲ್ಲ.